ನೀರುಗಂಟಿಗೆ ನಿರಂತರ ಕಲಿಕೆ ಬೇಕು: ಗ್ರಾಮೀಣಾಭಿವೃದ್ಧಿ ಸಚಿವರಿಗೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ,

ಬಯಲುಸೀಮೆಯ ಜಿಲ್ಲೆಯೊಂದರ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ರಸಾಯನ ತಜ್ಞನಾಗಿ ದುಡಿದು ನಿವೃತ್ತನಾದವನು ನಾನು. ಸಾವಿರಾರು ಬಾಟಲಿ ನೀರನ್ನು ಪರೀಕ್ಷಿಸಿ, ವರದಿ ಬರೆದು, ಸಹಿ ಹಾಕಿ ಕಳುಹಿಸಿದ್ದೇನೆ. ನಾನು ಬರೆದ ವರದಿ ತಾಲ್ಲೂಕಿಗೆ ಹೋಗುತ್ತಿತ್ತು, ಪಂಚಾಯಿತಿಗೆ ಹೋಗುತ್ತಿತ್ತು, ಕಡತ ಸೇರುತ್ತಿತ್ತು. ಆದರೆ ಆ ವರದಿಯನ್ನು ಓದಿ ಮರುದಿನ ಬೆಳಿಗ್ಗೆಯೇ ಏನಾದರೂ ಮಾಡಬಲ್ಲ ಒಬ್ಬನೇ ಮನುಷ್ಯನಿಗೆ, ಅಂದರೆ ಟ್ಯಾಂಕ್ ಹತ್ತಿ ಪೌಡರ್ ಹಾಕುವ, ವಾಲ್ವ್ ತಿರುಗಿಸುವ ನೀರುಗಂಟಿಗೆ, ಅದು ತಲುಪಿದ್ದನ್ನು ನಾನು ಕಂಡದ್ದು ಬಹಳ ಅಪರೂಪ. ತಲುಪಿದ್ದರೂ ಅದನ್ನು ಓದಿ ಅರ್ಥ ಮಾಡಿಕೊಳ್ಳಲು ಬೇಕಾದುದನ್ನು ನಾವು ಆತನಿಗೆ ಕಲಿಸಿರಲಿಲ್ಲ. ರಾಜ್ಯದ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ನೀರು ಬಿಡುವ ಪ್ರತಿಯೊಬ್ಬರಿಗೂ, ಕೆಲಸಕ್ಕೆ ಸೇರುವಾಗ ಒಮ್ಮೆ ಮಾತ್ರವಲ್ಲ, ಕೆಲಸದಲ್ಲಿ ಇರುವವರೆಗೂ ನಿಯಮಿತವಾಗಿ, ಸಂಬಳಸಹಿತ ತರಬೇತಿ ಸಿಗುವಂತೆ ನಿಯಮ ರೂಪಿಸಬೇಕೆಂದು ಕೋರುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಒಂದು ಮಳೆಗಾಲದ ಪ್ರಸಂಗವನ್ನು ಮೊದಲು ಹೇಳುತ್ತೇನೆ. ಹಳ್ಳಿಯೊಂದರಿಂದ ಬಂದ ಮಾದರಿಗಳಲ್ಲಿ ಮೂರು ಬಾರಿ ಸತತವಾಗಿ, ನೀರಿಗೆ ಕೊಳಚೆ ಸೇರಿರಬಹುದೆಂದು ಸೂಚಿಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಕಂಡುಬಂದಿದ್ದರಿಂದ ನಾನೇ ಅಲ್ಲಿಗೆ ಹೋಗಿದ್ದೆ. ಐವತ್ತು ಸಾವಿರ ಲೀಟರ್‌ನ ಓವರ್‌ಹೆಡ್ ಟ್ಯಾಂಕ್. ನೀರುಗಂಟಿ ಹದಿನೆಂಟು ವರ್ಷದಿಂದ ಒಂದು ದಿನವೂ ತಪ್ಪದೆ ನೀರು ಬಿಟ್ಟವರು. ಎಷ್ಟು ಬ್ಲೀಚಿಂಗ್ ಪೌಡರ್ ಹಾಕುತ್ತೀರಿ ಎಂದು ಕೇಳಿದಾಗ, “ಎರಡು ಬೊಗಸೆ ಹಾಕ್ತೀನಿ ಸಾರ್, ನಮ್ಮಪ್ಪನೂ ಅಷ್ಟೇ ಹಾಕ್ತಿದ್ದ” ಎಂದರು. ಪೌಡರ್‌ನ ಚೀಲ ಶಾಲೆಯ ಪಕ್ಕದ ಕೋಣೆಯಲ್ಲಿ ಬಾಯಿ ತೆರೆದುಕೊಂಡು ಬಿದ್ದಿತ್ತು. ಹೊಸ ಬ್ಲೀಚಿಂಗ್ ಪೌಡರ್‌ನಲ್ಲಿ ನೂರಕ್ಕೆ ಸುಮಾರು 33 ಭಾಗ ಕ್ಲೋರಿನ್ ಇರುತ್ತದೆ. ಗಾಳಿ, ತೇವ, ಬಿಸಿಲು ತಗುಲಿದಷ್ಟೂ ಅದು ಸತ್ವ ಕಳೆದುಕೊಳ್ಳುತ್ತ ಹೋಗುತ್ತದೆ. ಆ ಚೀಲದ ಪುಡಿಯನ್ನು ತಂದು ಪರೀಕ್ಷಿಸಿದಾಗ ಅದರಲ್ಲಿ ಉಳಿದಿದ್ದ ಕ್ಲೋರಿನ್ ನೂರಕ್ಕೆ ಹತ್ತರಷ್ಟೂ ಇರಲಿಲ್ಲ.

ಲೆಕ್ಕ ಕಷ್ಟದ್ದಲ್ಲ. ಐವತ್ತು ಸಾವಿರ ಲೀಟರ್ ನೀರಿಗೆ ಲೀಟರಿಗೆ 2 ಮಿಲಿಗ್ರಾಂ ಪ್ರಮಾಣದಲ್ಲಿ ಕ್ಲೋರಿನ್ ಸೇರಬೇಕೆಂದರೆ 100 ಗ್ರಾಂ ಕ್ಲೋರಿನ್ ಬೇಕು. ಪೌಡರ್‌ನಲ್ಲಿ ನೂರಕ್ಕೆ 25 ಭಾಗ ಸತ್ವವಿದ್ದರೆ 400 ಗ್ರಾಂ ಸಾಕು. 10 ಭಾಗಕ್ಕೆ ಇಳಿದಿದ್ದರೆ ಒಂದು ಕಿಲೋ ಬೇಕು. ಬೊಗಸೆ ಬದಲಾಗಿರಲಿಲ್ಲ, ಅದರೊಳಗಿನ ಪುಡಿ ಬದಲಾಗಿತ್ತು. ಪುಡಿಯನ್ನು ನೇರವಾಗಿ ಟ್ಯಾಂಕಿಗೆ ಸುರಿಯದೆ ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕುಳಿತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಹಾಕಬೇಕು ಎಂಬುದನ್ನೂ, ಹಾಕಿದ ಮೇಲೆ ಅರ್ಧ ಗಂಟೆಯಾದರೂ ನೀರು ಬಿಡಬಾರದು ಎಂಬುದನ್ನೂ ಅವರಿಗೆ ಯಾರೂ ಹೇಳಿರಲಿಲ್ಲ. ಕ್ಲೋರಿನ್ ಅಳೆಯುವ ಕ್ಲೋರೊಸ್ಕೋಪ್ ಪಂಚಾಯಿತಿಯ ಬೀರುವಿನಲ್ಲಿ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದೆ ಕುಳಿತಿತ್ತು. ಅದನ್ನು ತೆರೆದು, ನಳದ ನೀರಿಗೆ ದ್ರಾವಣದ ಹನಿ ಹಾಕಿ ತೋರಿಸಿದಾಗ ಅವರು ಕೇಳಿದ ಪ್ರಶ್ನೆ ನನಗೆ ಇಂದಿಗೂ ನೆನಪಿದೆ: “ಸಾರ್, ಇದು ಹಳದಿ ಆಗಬೇಕೋ, ಆಗಬಾರದೋ?”

ಹದಿನೆಂಟು ವರ್ಷ ಒಂದು ಊರಿಗೆ ನೀರು ಕೊಟ್ಟ ಮನುಷ್ಯ ಆ ಪ್ರಶ್ನೆ ಕೇಳಬೇಕಾಗಿ ಬಂದದ್ದು ಅವರ ತಪ್ಪಲ್ಲ. ನನ್ನನ್ನೂ ಸೇರಿಸಿಕೊಂಡು, ಅವರಿಗಿಂತ ಹೆಚ್ಚು ಸಂಬಳ ಪಡೆದ ನಾವೆಲ್ಲರೂ ಮಾಡಿದ ತಪ್ಪು ಅದು. ಆ ದಿನ ನಾನು ಅಲ್ಲಿ ಮೂರು ಗಂಟೆ ಕಳೆದೆ. ಅಡುಗೆಮನೆಯ ತೂಕದ ಯಂತ್ರದಲ್ಲಿ, ಸತ್ವವಿರುವ ಪೌಡರ್ ಆದರೆ ಬೇಕಾಗುವ 400 ಗ್ರಾಂ ಎಷ್ಟೆಂದು ನೋಡಿ, ಒಂದು ಡಬ್ಬಿಗೆ ಗೆರೆ ಎಳೆದು ಕೊಟ್ಟೆ. ಊರಿನ ಕೊನೆಯ ಮನೆಯ ನಳದಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್, ಅಂದರೆ ರೋಗಾಣು ಕೊಂದ ಮೇಲೂ ನೀರಿನಲ್ಲಿ ಉಳಿಯುವ ಕ್ಲೋರಿನ್, ಇರಬೇಕೆಂಬುದು ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ನಿಯಮ. ಹಳದಿ ಬಂದರೆ ಕ್ಲೋರಿನ್ ಇದೆ ಎಂದರ್ಥ ಎಂದು ಹೇಳಿ, ಅದನ್ನು ಬಣ್ಣದಲ್ಲಿ ಗುರುತಿಸುವುದು ಹೇಗೆಂದು ತೋರಿಸಿದೆ. ಸುಮಾರು ಒಂದು ವರ್ಷದ ನಂತರ ಅವರೇ ಫೋನ್ ಮಾಡಿದರು. ಬೇರೆಲ್ಲ ಬೀದಿಗಳಲ್ಲಿ ಹಳದಿ ಬರುತ್ತಿದೆ, ಒಂದು ಬೀದಿಯಲ್ಲಿ ಮಾತ್ರ ಬರುತ್ತಿಲ್ಲ, ಹೀಗೇಕೆ ಎಂದರು. ಆ ಬೀದಿಗೆ ಹೋಗುವ ಪೈಪನ್ನು ಹುಡುಕುತ್ತ ಹೋಗಿ ಅಗೆದಾಗ ಮೋರಿಯ ಅಡಿಯಲ್ಲಿ ಜಾಯಿಂಟ್ ಬಿಟ್ಟುಕೊಂಡಿತ್ತು. ಪ್ರಯೋಗಾಲಯಕ್ಕೆ ಬಾಟಲಿ ಬರುವ ಮೊದಲೇ, ಯಾರೂ ಆಸ್ಪತ್ರೆ ಸೇರುವ ಮೊದಲೇ, ಅವರು ಅದನ್ನು ಕಂಡುಹಿಡಿದಿದ್ದರು. ಮೂರು ಗಂಟೆಯ ಕಲಿಕೆಯಿಂದ ಅಷ್ಟು ಆಯಿತು.

ಮಾನ್ಯರೇ, ನಿಮ್ಮ ಇಲಾಖೆಯ ತರಬೇತಿ ಸಂಸ್ಥೆ ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಅವರ ಹೆಸರಿನಲ್ಲಿದೆ. 1980ರ ದಶಕದಲ್ಲಿ ಇದೇ ಖಾತೆಯ ಸಚಿವರಾಗಿ, ಬರದ ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎಂದೇ ಕರೆಸಿಕೊಂಡವರು ಅವರು. ಅವರ ಕಾಲದಲ್ಲಿ ಊರಿನ ನೀರಿನ ವ್ಯವಸ್ಥೆ ಎಂದರೆ ಬಹುಮಟ್ಟಿಗೆ ಕೈಪಂಪು. ವಾಷರ್ ಸವೆದರೆ ಬದಲಿಸಲು ಗೊತ್ತಿದ್ದರೆ ಸಾಕಿತ್ತು. ಆಮೇಲೆ ಕಿರು ನೀರು ಸರಬರಾಜು ಯೋಜನೆಗಳ ತೊಂಬೆಗಳು ಬಂದವು, ಓವರ್‌ಹೆಡ್ ಟ್ಯಾಂಕ್ ಬಂತು, ಸಬ್‌ಮರ್ಸಿಬಲ್ ಮೋಟಾರ್ ಮತ್ತು ಸ್ಟಾರ್ಟರ್ ಬಂತು, ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ನೀರಿನಲ್ಲಿ ಹೆಚ್ಚಿರುವ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಬಂತು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’ ಎಂಬ ಹೆಸರಿನಲ್ಲಿ, ದಿನಕ್ಕೆ ತಲಾ 55 ಲೀಟರ್ ಲೆಕ್ಕದಲ್ಲಿ ಮನೆಯೊಳಗೇ ನಳ ತಂದಿತು. ಈಗ ನದಿ, ಜಲಾಶಯಗಳಿಂದ ಬಹುಗ್ರಾಮ ಯೋಜನೆಗಳ ನೀರು ಬರುತ್ತಿದೆ. ನಲವತ್ತು ವರ್ಷಗಳಲ್ಲಿ ಪೈಪು, ಪಂಪು, ಮೂಲ ಎಲ್ಲವೂ ಎರಡು ಮೂರು ಬಾರಿ ಬದಲಾಗಿವೆ. ಅದನ್ನು ನಡೆಸುವವನಿಗೆ ಕಲಿಸುವ ಕ್ರಮ ಮಾತ್ರ ಬೊಗಸೆಯ ಲೆಕ್ಕದಲ್ಲೇ ನಿಂತಿದೆ. ನೀರುಗಂಟಿ ಎಂಬ ಹೆಸರೇ ಕೆರೆಯ ತೂಬು ತೆರೆದು ಗದ್ದೆಗಳಿಗೆ ಸರದಿಯಂತೆ ನೀರು ಹಂಚುತ್ತಿದ್ದ ಕಾಲದ್ದು. ಆ ವಿದ್ಯೆ ತಂದೆಯಿಂದ ಮಗನಿಗೆ ಬರುತ್ತಿತ್ತು, ಬಂದರೆ ಸಾಕಾಗುತ್ತಿತ್ತು. ಇಂದಿನ ಕೆಲಸ ಹಾಗೆ ಬರುವಂಥದ್ದಲ್ಲ.

ಕೊಳವೆಬಾವಿಯ ನೀರಿಗೆ ಒಗ್ಗಿದ ಊರಿಗೆ ನದಿಯ ನೀರು ಬಂದಾಗ ಏನಾಗುತ್ತದೆ ಎಂಬುದನ್ನೇ ನೋಡಿ. ಮಳೆಗಾಲದಲ್ಲಿ ಕದಡಿದ ನೀರಿಗೆ ಹೆಚ್ಚು ಕ್ಲೋರಿನ್ ಬೇಕು, ಏಕೆಂದರೆ ಮಣ್ಣು ಮತ್ತು ಸಾವಯವ ಕಸವೇ ಅದನ್ನು ತಿಂದುಹಾಕುತ್ತವೆ. ನಿನ್ನೆಯ ಅಳತೆ ಇಂದಿಗೆ ಸಾಲುವುದಿಲ್ಲ. ಇನ್ನೂ ಗಂಭೀರವಾದದ್ದು ನಮ್ಮ ಊರುಗಳಲ್ಲಿ ಗಂಟೆ ಲೆಕ್ಕದಲ್ಲಿ, ದಿನ ಬಿಟ್ಟು ದಿನ ನೀರು ಬಿಡುವ ಪದ್ಧತಿ. ನೀರು ನಿಂತೊಡನೆ ಪೈಪಿನಲ್ಲಿ ಒತ್ತಡ ಇಳಿಯುತ್ತದೆ, ಬಿರುಕು ಮತ್ತು ಸಡಿಲ ಜಾಯಿಂಟ್‌ಗಳ ಮೂಲಕ ಹೊರಗಿನ ಚರಂಡಿ ನೀರು ಒಳಗೆ ಸೇರಿಕೊಳ್ಳುತ್ತದೆ. ವಾಲ್ವ್ ಗುಂಡಿಯಲ್ಲಿ ಕೊಳಚೆ ನಿಂತಿದ್ದರೆ ಅದೇ ಬಾಗಿಲು. ಮನೆಯವರು ನೀರು ಬೇಗ ಬರಲೆಂದು ನಳಕ್ಕೆ ನೇರವಾಗಿ ಮೋಟಾರ್ ಹಾಕಿ ಎಳೆದರಂತೂ ಆ ಹೀರುವಿಕೆ ಇನ್ನೂ ಜೋರಾಗುತ್ತದೆ. ಟ್ಯಾಂಕಿನಲ್ಲಿ ಶುದ್ಧವಾಗಿದ್ದ ನೀರು ಕೊನೆಯ ಮನೆಯಲ್ಲಿ ಏಕೆ ಕೆಡುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಇದನ್ನು ಅರಿತ ನೀರುಗಂಟಿ ವಾಲ್ವ್ ಗುಂಡಿಯನ್ನು ಒಣಗಿಸಿಡುತ್ತಾನೆ, ಮೊದಲ ಕೆಲವು ನಿಮಿಷದ ನೀರನ್ನು ಹೊರಗೆ ಹರಿಸುತ್ತಾನೆ, ಪೈಪು ಒಡೆದು ಕೂಡಿಸಿದ ಮೇಲೆ ಕ್ಲೋರಿನ್ ಹಾಕಿ ತೊಳೆಯದೆ ನೀರು ಬಿಡುವುದಿಲ್ಲ. ಅರಿಯದವನು ನೀರು ಬಂತೇ ಇಲ್ಲವೇ ಎಂಬುದನ್ನಷ್ಟೇ ನೋಡುತ್ತಾನೆ, ಏಕೆಂದರೆ ಊರಿನವರೂ ಪಂಚಾಯಿತಿಯೂ ಅವನನ್ನು ಕೇಳುವುದು ಅದೊಂದನ್ನೇ.

ಫ್ಲೋರೈಡ್ ಇರುವ ಊರುಗಳ ಘಟಕಗಳಲ್ಲಿ ಬೇರೊಂದು ತಪ್ಪು ತಿಳಿವಳಿಕೆಯನ್ನು ಪದೇ ಪದೇ ಕಂಡಿದ್ದೇನೆ. ಪೆನ್ನಿನಂಥ ಟಿಡಿಎಸ್ ಮೀಟರನ್ನು ಅದ್ದಿ, ಅಂಕಿ ಕಡಿಮೆ ಬಂದರೆ ನೀರು ಚೆನ್ನಾಗಿದೆ ಎಂದುಬಿಡುತ್ತಾರೆ. ಆ ಮೀಟರ್ ನೀರಿನಲ್ಲಿ ಕರಗಿರುವ ಲವಣಗಳ ಒಟ್ಟು ಅಂದಾಜನ್ನು ಹೇಳುತ್ತದೆಯೇ ಹೊರತು ಫ್ಲೋರೈಡ್ ಎಷ್ಟಿದೆ ಎಂಬುದನ್ನಾಗಲಿ, ರೋಗಾಣು ಇದೆಯೇ ಎಂಬುದನ್ನಾಗಲಿ ಹೇಳುವುದಿಲ್ಲ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎಂಬ ಮಿತಿಯನ್ನು, ಆ ಪರೀಕ್ಷೆಯನ್ನೇ ಬೇರೆಯಾಗಿ ಮಾಡಬೇಕೆಂಬುದನ್ನು, ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನು ಘಟಕ ನಡೆಸುವವರೇ ತಿಳಿಯದಿದ್ದರೆ, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವ ತಾಯಂದಿರು ಯಾರನ್ನು ಕೇಳಬೇಕು?

2022ರ ಬೇಸಿಗೆಯಲ್ಲಿ ರಾಯಚೂರಿನಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ಪ್ರತಿ ಬಾರಿಯೂ ಅಧಿಕಾರಿಗಳ ಭೇಟಿ, ಪರಿಹಾರ, ಅಮಾನತು ನಡೆಯುತ್ತವೆ. ಆ ಪ್ರಕರಣಗಳ ಹೊಣೆ ಯಾರದೆಂದು ತೀರ್ಪು ಹೇಳುವುದು ನನ್ನ ಉದ್ದೇಶವಲ್ಲ. ಇಂಥ ದುರಂತದ ನಂತರ ಕಲಿಕೆಯ ವ್ಯವಸ್ಥೆಯನ್ನೇ ಬದಲಾಯಿಸಿದ ನಾಡೊಂದರ ಕಥೆಯನ್ನು ತಮ್ಮ ಗಮನಕ್ಕೆ ತರಬೇಕೆನಿಸಿದೆ.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ವಾಕರ್ಟನ್ ಎಂಬ ಸಣ್ಣ ಪಟ್ಟಣವಿದೆ. ಜನಸಂಖ್ಯೆ ಐದು ಸಾವಿರದ ಒಳಗೆ. 2000ದ ಮೇ ತಿಂಗಳಲ್ಲಿ ಭಾರಿ ಮಳೆ ಸುರಿದಾಗ, ಹತ್ತಿರದ ಹೊಲದ ದನದ ಗೊಬ್ಬರದಿಂದ ರೋಗಾಣುಗಳು ಪಟ್ಟಣಕ್ಕೆ ನೀರು ಕೊಡುತ್ತಿದ್ದ ಹೆಚ್ಚು ಆಳವಿಲ್ಲದ ಬಾವಿಯೊಂದನ್ನು ಸೇರಿದವು. 7 ಜನ ಸತ್ತರು, 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನೀರಿನ ವ್ಯವಸ್ಥೆಯನ್ನು ನಡೆಸುತ್ತಿದ್ದವರು ಇಬ್ಬರು ಸಹೋದರರು. ಅವರಿಗೆ ದಶಕಗಳ ಅನುಭವವಿತ್ತು. ಸರ್ಕಾರದ ಪ್ರಮಾಣಪತ್ರವೂ ಇತ್ತು. ಆದರೆ ಅದನ್ನು ಅವರಿಗೆ ಪರೀಕ್ಷೆಯಿಲ್ಲದೆ, ಅನುಭವದ ಆಧಾರದ ಮೇಲೆಯೇ ಕೊಡಲಾಗಿತ್ತು. ಉಳಿಕೆ ಕ್ಲೋರಿನ್ ಅನ್ನು ಪ್ರತಿದಿನ ಅಳೆಯಬೇಕಾಗಿದ್ದ ಅವರು ಅಳೆಯದೆಯೇ ಪುಸ್ತಕದಲ್ಲಿ ಅಂಕಿ ಬರೆಯುತ್ತಿದ್ದರು. ಕ್ಲೋರಿನ್ ಹಾಕದ ಬಾವಿ ನೀರು ಸುರಕ್ಷಿತವೆಂದು ನಂಬಿ ಅದನ್ನು ತಾವೇ ಕುಡಿಯುತ್ತಿದ್ದರು. ತಮ್ಮ ಊರಿನವರನ್ನು ಕೊಲ್ಲಬೇಕೆಂದು ಹಾಗೆ ಮಾಡಿದವರಲ್ಲ. ಆ ಅಂಕಿಯ ಹಿಂದೆ ಏನಿದೆ ಎಂಬುದನ್ನು ಅವರಿಗೆ ಯಾರೂ ಮನಮುಟ್ಟುವಂತೆ ಕಲಿಸಿರಲಿಲ್ಲ. ವರ್ಷಕ್ಕೆ 40 ಗಂಟೆ ತರಬೇತಿಯಾಗಬೇಕೆಂಬ ನಿಯಮ ಆಗಲೇ ಕಾಗದದ ಮೇಲಿತ್ತು ಎಂಬುದನ್ನು ತಾವು ವಿಶೇಷವಾಗಿ ಗಮನಿಸಬೇಕು. ನ್ಯಾಯಮೂರ್ತಿ ಡೆನಿಸ್ ಓಕಾನರ್ ಅವರ ವಿಚಾರಣಾ ವರದಿ 2002ರಲ್ಲಿ ಬಂದ ನಂತರ ಆ ಪ್ರಾಂತ್ಯವು ಪ್ರಮಾಣಪತ್ರ ಮತ್ತು ತರಬೇತಿಯ ನಿಯಮಗಳನ್ನು ಬಿಗಿಗೊಳಿಸಿತು. 2004ರಲ್ಲಿ ಅದೇ ವಾಕರ್ಟನ್‌ನಲ್ಲಿ ನೀರಿನ ವ್ಯವಸ್ಥೆ ನಡೆಸುವವರಿಗಾಗಿಯೇ ಒಂದು ತರಬೇತಿ ಕೇಂದ್ರವನ್ನು ಸ್ಥಾಪಿಸಿತು. ಅಮೆರಿಕದಲ್ಲಿ 1996ರ ಕಾನೂನು ತಿದ್ದುಪಡಿಯ ನಂತರ ಬಂದ ಮಾರ್ಗಸೂಚಿಯಂತೆ ನೀರಿನ ಆಪರೇಟರ್‌ಗಳ ಪ್ರಮಾಣಪತ್ರವನ್ನು ಮೂರು ವರ್ಷ ಮೀರದ ಅವಧಿಯಲ್ಲಿ ನವೀಕರಿಸಬೇಕು, ನವೀಕರಣಕ್ಕೆ ತರಬೇತಿ ಆಗಿರಲೇಬೇಕು.

ನಮ್ಮಲ್ಲಿ ತರಬೇತಿಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಊರಿನ ನೀರಿನ ವ್ಯವಸ್ಥೆ ನೋಡಿಕೊಳ್ಳಲು ಸ್ಥಳೀಯರಿಗೆ ಕಲಿಸುವ ಕೇಂದ್ರದ ‘ನಲ್ ಜಲ್ ಮಿತ್ರ’ ಕಾರ್ಯಕ್ರಮವಿದೆ, ಹಳ್ಳಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ಕಲಿಸಬೇಕೆಂಬ ಒಳ್ಳೆಯ ಸೂಚನೆಯೂ ಇದೆ. ಆದರೆ ನಾನು ಸಂಪನ್ಮೂಲ ವ್ಯಕ್ತಿಯಾಗಿ ಹೋದ ಹಲವು ತರಬೇತಿಗಳಲ್ಲಿ ಎದುರಿಗೆ ಕುಳಿತಿದ್ದವರು ಅಧ್ಯಕ್ಷರು, ಸದಸ್ಯರು, ಪಿಡಿಒಗಳು, ಬಿಲ್ ಕಲೆಕ್ಟರ್‌ಗಳು. ನೀರುಗಂಟಿ ಬರುತ್ತಿರಲಿಲ್ಲ. ಕಾರಣ ಸರಳ: ಅವರು ಬಂದರೆ ಆ ದಿನ ಊರಿಗೆ ನೀರು ಬಿಡುವವರಿಲ್ಲ. ಬಂದ ಕೆಲವರಿಗೂ ಇಂಗ್ಲಿಷ್ ಪದಗಳೇ ತುಂಬಿದ ಸ್ಲೈಡ್‌ಗಳನ್ನು ತೋರಿಸಿ, ಸಹಿ ಪಡೆದು, ಊಟ ಹಾಕಿ ಕಳುಹಿಸಿದ್ದಾಯಿತು. ಆ ಸಭಾಂಗಣಗಳಲ್ಲಿ ಮಾತಾಡಿದವರಲ್ಲಿ ನಾನೂ ಒಬ್ಬ, ಆದ್ದರಿಂದ ಈ ಮಾತನ್ನು ಬರೆಯಲು ನೋವಾಗುತ್ತದೆ. ವಾಕರ್ಟನ್‌ನ ನಲವತ್ತು ಗಂಟೆಗೂ ನಮ್ಮ ಸಹಿ ಪುಸ್ತಕಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಹಾಗಾಗಿ ನನ್ನ ಮೊದಲ ಕೋರಿಕೆ ಬದಲಿ ನೀರುಗಂಟಿಯ ಬಗ್ಗೆ. ಪ್ರತಿ ತಾಲ್ಲೂಕಿನಲ್ಲಿ ತರಬೇತಿ ಪಡೆದ ಕೆಲವರನ್ನು ಬದಲಿ ಕೆಲಸಕ್ಕಾಗಿಯೇ ಇಟ್ಟುಕೊಂಡರೆ, ಒಬ್ಬರು ಕಲಿಯಲು ಹೋದ ದಿನ ಇನ್ನೊಬ್ಬರು ನೀರು ಬಿಡುತ್ತಾರೆ. ರಜೆ, ಕಾಯಿಲೆಯ ದಿನಗಳಿಗೂ ಅವರು ಒದಗುತ್ತಾರೆ. ಇದಿಲ್ಲದೆ ಉಳಿದ ಯಾವ ಆದೇಶವೂ ನಡೆಯುವುದಿಲ್ಲವೆಂದು ನನ್ನ ಅನುಭವ ಹೇಳುತ್ತದೆ. ತರಬೇತಿಯ ದಿನಗಳ ಸಂಬಳ ಮತ್ತು ಪ್ರಯಾಣ ವೆಚ್ಚ ಪೂರ್ತಿ ಸಿಗಬೇಕು. ಪಾಠ ನಡೆಯಬೇಕಾದದ್ದು ಸಭಾಂಗಣದಲ್ಲಲ್ಲ, ಟ್ಯಾಂಕಿನ ಬುಡದಲ್ಲಿ, ಸ್ಟಾರ್ಟರ್ ಪೆಟ್ಟಿಗೆಯ ಮುಂದೆ, ತೆರೆದ ವಾಲ್ವ್ ಗುಂಡಿಯ ಪಕ್ಕದಲ್ಲಿ, ಅವರು ಆಡುವ ಕನ್ನಡದಲ್ಲಿ. ಕಲಿಸುವವರಲ್ಲಿ ಎಂಜಿನಿಯರ್ ಮತ್ತು ರಸಾಯನ ತಜ್ಞರ ಜೊತೆಗೆ, ತಮ್ಮ ಊರಿನ ನೀರನ್ನು ಚೆನ್ನಾಗಿ ನೋಡಿಕೊಂಡಿರುವ ಹಿರಿಯ ನೀರುಗಂಟಿಗಳೂ ಇರಬೇಕು. ಇಬ್ಬರು ಸಹೋದ್ಯೋಗಿಗಳು ಪರಸ್ಪರ ಕೇಳುವ ಪ್ರಶ್ನೆಯನ್ನು ನನ್ನಂಥವನೆದುರು ಅವರು ಸುಲಭವಾಗಿ ಕೇಳುವುದಿಲ್ಲ.

ಪರೀಕ್ಷೆ ಇರಲಿ, ಆದರೆ ಅದು ಬರವಣಿಗೆಯ ಪರೀಕ್ಷೆಯಾಗದಿರಲಿ. ಓದು ಬರಹ ಕಡಿಮೆಯಿರುವ ಎಷ್ಟೋ ನೀರುಗಂಟಿಗಳು ಮೋಟಾರಿನ ಸದ್ದು ಕೇಳಿಯೇ ಒಂದು ಫೇಸ್ ಹೋಗಿದೆ ಎಂದು ಹೇಳಬಲ್ಲರು. ಪೌಡರ್ ತೂಗಿ ಹಾಕಿ, ಕೊನೆಯ ನಳದಲ್ಲಿ ಬಣ್ಣ ನೋಡಿ, ಕಂಡದ್ದನ್ನು ಬಾಯಲ್ಲಿ ಹೇಳಿದರೆ ಅದೇ ಪರೀಕ್ಷೆ. ಮೂರು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು, ತೇರ್ಗಡೆಯಾದವರಿಗೆ ವೇತನದಲ್ಲಿ ಹೆಚ್ಚಳ ಸಿಗಬೇಕು, ತೇರ್ಗಡೆಯಾಗದವರನ್ನು ಕೆಲಸದಿಂದ ತೆಗೆಯದೆ ಮತ್ತೆ ಕಲಿಸಬೇಕು. ಹಳಬರಿಗೆಲ್ಲ ಅನುಭವದ ಹೆಸರಿನಲ್ಲಿ ಒಂದೇ ದಿನ ಪ್ರಮಾಣಪತ್ರ ಹಂಚುವ ದಾರಿಯನ್ನು ಮಾತ್ರ ದಯವಿಟ್ಟು ಹಿಡಿಯಬೇಡಿ. ಪಂಚಾಯಿತಿ ಚುನಾವಣೆಯಾದ ಮೇಲೆ, ಹತ್ತು ವರ್ಷ ಕಲಿತವರನ್ನು ಬಿಡಿಸಿ ಬೇರೆಯವರನ್ನು ತಂದು ಕೂರಿಸುವುದನ್ನೂ ಕಂಡಿದ್ದೇನೆ. ತರಬೇತಿ ಪಡೆದವರನ್ನು ಕಾರಣವಿಲ್ಲದೆ ಬದಲಿಸುವಂತಿಲ್ಲ ಎಂಬ ರಕ್ಷಣೆ ಇಲ್ಲದಿದ್ದರೆ ಖರ್ಚು ಮಾಡಿದ ಹಣವೂ ಕಲಿಸಿದ ಶ್ರಮವೂ ವ್ಯರ್ಥ.

ಇನ್ನು ಹೊಲಸು ನೀರಿನ ಕಡೆಯ ಮಾತು. ಇದನ್ನು ನಗರಾಭಿವೃದ್ಧಿ ಸಚಿವರೂ ಓದಲಿ ಎಂಬ ಆಸೆ ನನ್ನದು. ದೇವನಹಳ್ಳಿಯಲ್ಲಿ 2015ರಲ್ಲಿ ಮಲತ್ಯಾಜ್ಯ ಸಂಸ್ಕರಣಾ ಘಟಕ ಆರಂಭವಾಯಿತು, ಗ್ರಾಮೀಣ ಭಾಗಕ್ಕೂ ಅಂಥ ಘಟಕಗಳು ಬರುತ್ತಿವೆ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ನೆಲಮಾಳಿಗೆಯ ಎಸ್‌ಟಿಪಿಗಳಲ್ಲಿ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕಗಳಲ್ಲಿ, ದೂರದ ಜಿಲ್ಲೆಗಳಿಂದ, ಹೊರ ರಾಜ್ಯಗಳಿಂದ ಬಂದ ಹುಡುಗರು ಹಗಲು ರಾತ್ರಿ ಇರುತ್ತಾರೆ. ಆ ತೊಟ್ಟಿಯಲ್ಲಿ ಕೊಳೆಯನ್ನು ತಿನ್ನುವುದು ಜೀವಂತ ಬ್ಯಾಕ್ಟೀರಿಯಾ, ಅವಕ್ಕೆ ಗಾಳಿ ಬೇಕು, ಕರೆಂಟು ಉಳಿಸಲೆಂದು ರಾತ್ರಿಯಿಡೀ ಗಾಳಿ ಊದುವ ಬ್ಲೋವರ್ ನಿಲ್ಲಿಸಿದರೆ ಅವು ಸಾಯುತ್ತವೆ ಎಂಬುದನ್ನು ಹೇಳಿಕೊಟ್ಟರೆ ಆ ಹುಡುಗ ಮೇಲಿನವರ ಎದುರು ನಿಂತು ವಾದಿಸಬಲ್ಲ. ಒಂದು ಲೀಟರ್ ಅಳತೆಯ ಗಾಜಿನ ಜಾಡಿಯಲ್ಲಿ ತೊಟ್ಟಿಯ ನೀರು ತುಂಬಿಸಿ ಅರ್ಧ ಗಂಟೆ ಬಿಟ್ಟು, ಕೆಸರು ಎಲ್ಲಿಗೆ ಕುಳಿತಿದೆ, ಮೇಲಿನ ನೀರು ತಿಳಿಯಾಗಿದೆಯೇ ಎಂದು ನೋಡುವುದನ್ನು ಒಂದೇ ದಿನದಲ್ಲಿ ಕಲಿಸಬಹುದು.

ಕಲಿಸದೆ ಬಿಟ್ಟರೆ ಜೀವ ಹೋಗುವ ಪಾಠವೂ ಒಂದಿದೆ. ಕೊಳಚೆ ತೊಟ್ಟಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ; ಪ್ರಮಾಣ ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ವಾಸನೆ ನಿಂತಿತು, ಅಪಾಯ ಕಳೆಯಿತು ಎಂದುಕೊಂಡವನು ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಮೇಲೆ ಬರುವುದಿಲ್ಲ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿಗೆ, ಮಲಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು ನಿಷೇಧಿಸಿದೆ, ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿದೆ. ಇಳಿಯುವುದಿಲ್ಲ ಎನ್ನುವ ಹಕ್ಕು ತನಗಿದೆ ಎಂಬುದನ್ನು ಆ ಕೆಲಸದವನಿಗೆ ಪ್ರತಿ ವರ್ಷ, ಅವನ ಮಾಲೀಕನ ಎದುರಿನಲ್ಲೇ, ತಿಳಿಸಿ ಹೇಳುವ ವ್ಯವಸ್ಥೆಯಾಗಬೇಕು.

ಮೈಸೂರಿನ ಸಂಸ್ಥೆಗೆ ಈ ಹೊಣೆ ವಹಿಸಿ, ಒಂದೆರಡು ತಾಲ್ಲೂಕುಗಳಲ್ಲಿ ಬದಲಿ ನೀರುಗಂಟಿಗಳ ಸಹಿತ ಮೊದಲು ನಡೆಸಿ ನೋಡಬಹುದು. ಪ್ರತಿ ಊರಿನ ಕೊನೆಯ ನಳದ ಉಳಿಕೆ ಕ್ಲೋರಿನ್ ಅನ್ನು ತರಬೇತಿಗೆ ಮೊದಲು ಮತ್ತು ಆರು ತಿಂಗಳ ನಂತರ ಬೇರೆಯವರಿಂದ ಅಳೆಯಿಸಿದರೆ ಕಲಿಕೆ ಫಲಿಸಿತೇ ಇಲ್ಲವೇ ಎಂಬುದು ಸಹಿ ಪುಸ್ತಕ ನೋಡದೆಯೇ ಗೊತ್ತಾಗುತ್ತದೆ. ನನ್ನಂತೆ ನಿವೃತ್ತರಾದ ಪ್ರಯೋಗಾಲಯದ ಸಿಬ್ಬಂದಿ, ಎಂಜಿನಿಯರ್‌ಗಳು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಅವರಲ್ಲಿ ಹಲವರು ಕರೆದರೆ ಬರುತ್ತಾರೆ. ನನ್ನ ಕ್ಲೋರೊಸ್ಕೋಪ್ ಮತ್ತು ಅಂಥದ್ದೇ ಗೆರೆ ಎಳೆದ ಇನ್ನೊಂದು ಡಬ್ಬಿ ಇನ್ನೂ ನನ್ನ ಬಳಿ ಇವೆ. ಯಾವ ಊರಿನ ಟ್ಯಾಂಕಿನ ಬುಡಕ್ಕೆ ಕರೆದರೂ ಗೌರವಧನ ಕೇಳದೆ ಬಂದು ಕಲಿಸಲು ಸಿದ್ಧನಿದ್ದೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನ ತಜ್ಞ, ನೀರು ಪರೀಕ್ಷಾ ಪ್ರಯೋಗಾಲಯ